ಕೀವು ಕಂಡರೆ ಹಿಗ್ಗುವ ಮಾವ

ಯಾರಾದರೂ ಮಲ್ಲಿಗೆ ಕಂಡರೆ ಹಿಗ್ಗುತ್ತಾರೆ, ಹೋಳಿಗೆ ಕಂಡರೆ ಹಿಗ್ಗುತ್ತಾರೆ. ನನ್ನ ಸೋದರಮಾವ ಹಿಗ್ಗುತ್ತಿದ್ದುದು ಕೀವು ಕಂಡರೆ! ಮೂಗು ಮುರಿಯಬೇಡಿ. ಹಣೆತುಂಬ ವಿಭೂತಿ ಬಳಿದುಕೊಂಡು, ಪೀಣ್ಯದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ಸಜ್ಜನ ಅವರು.

ತೊಂಬತ್ತರ ದಶಕದಲ್ಲಿ ನಮ್ಮ ಮನೆಯೂ ಅಲ್ಲೇ, ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯ ಫಿಟ್ಟರ್ ಬೆರಳಿನ ಹುಣ್ಣು ತೋರಿಸಿದರೆ ಮಾವ ಕನ್ನಡಕ ಏರಿಸಿ, "ಕೀವಾಗಿದೆ! ಭೇಷ್ ಕಣ್ರೀ, ನಿಮ್ಮ ಬಿಳಿ ರಕ್ತಕಣ ಡ್ಯೂಟಿಗೆ ಬಂದಿವೆ!" ಎಂದು ಕೈ ಕುಲುಕಿದರು. ಯಾವ ಕೈ? ಹುಣ್ಣಾದ ಕೈಯೇ!

ಒಮ್ಮೆ ಮಾರತ್ತಹಳ್ಳಿ ಬಸ್ಸಿನಲ್ಲಿ, ಆ ಕಣಗಳಿಗೆ ಗಾಯದ ಜಾಗ ಹೇಗೆ ಗೊತ್ತಾಗುತ್ತದೆ ಎಂದು ಕೇಳಿ ಕೆಟ್ಟೆ.

"ರಕ್ತ ಅವನ್ನ ದಬ್ಕೊಂಡು ಹೋಗ್ತಿರುತ್ತೆ. ಗಾಯದ ಹತ್ರ ನಾಳದ ಗೋಡೆ ಮೇಲೆ ಅಂಟೋ ಅಣುಗಳು ಏಳ್ತವೆ. ಕಣ ಮೊದ್ಲು ಅದಕ್ಕೆ ತಾಗಿ ತಾಗಿ ಉರುಳುತ್ತೆ, ಹಿಂಗೆ!" ಮಾವ ಕಂಬದಿಂದ ಕಂಬಕ್ಕೆ ತೇಲಿದರು. "ಆಮೇಲೆ ತನ್ನ ಅಂಟಿನಿಂದ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ಹಿಂಗೆ! ಕೊನೆಗೆ ಸಂದೀಲಿ ನುಸುಳಿ ಹೊರಗೆ!"

"ಹೊರಗೆ ಆಮೇಲೆ ಹೋಗಿ ಸಾರ್, ಮೊದ್ಲು ನನ್ ಬ್ಯಾಗ್ ಬಿಡಿ!" ಎಂದ ಕಂಡಕ್ಟರ್.

ನನ್ನ ಮಗ ಹುಟ್ಟಿದಾಗ ಈ ಹುಚ್ಚು ವಿಪರೀತಕ್ಕೆ ಹೋಯಿತು. ಬಾಣಂತನಕ್ಕೆ ಬಂದಿದ್ದ ನನ್ನನ್ನು ದಿನಾ ಸಂಜೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: "ಹೊಕ್ಕಳು ಬಳ್ಳಿ ಬಿತ್ತೇನೇ?" ಮಗು ಯಾರ ಹಾಗಿದೆ ಎಂದು ಕೇಳುವುದು ಬಿಟ್ಟು ಇದೆಂಥ ವಿಚಾರಣೆ? ಒಂದು ದಿನ ರೇಗಿಯೇಬಿಟ್ಟೆ. ಅವರು ಹೋದ ಮೇಲೆ ಅಮ್ಮ ವಿಷಯ ಹೇಳಿದಳು.

ನಾನು ಚಿಕ್ಕವಳಿದ್ದಾಗ ಮಾವನಿಗೊಂದು ಹೆಣ್ಣುಮಗು ಹುಟ್ಟಿತ್ತಂತೆ. ವಾರಗಟ್ಟಲೆ ಕಳೆದರೂ ಅದರ ಬಳ್ಳಿ ಬೀಳಲಿಲ್ಲ. ಹೊಕ್ಕಳು ಕೆಂಪಾಗಿ ಬಾತುಕೊಂಡಿತು, ಕೀವು ಮಾತ್ರ ಒಂದು ಹನಿಯೂ ಇಲ್ಲ. ರಕ್ತದಲ್ಲಿ ಬಿಳಿಕಣ ಬೇಕಾದಷ್ಟಿದ್ದವು. ನಾಳದ ಗೋಡೆ ಹಿಡಿಯುವ ಅಂಟೇ ಅವಕ್ಕಿರಲಿಲ್ಲ. ಅದು ಮಾವನಿಗೆ ಓದಿ ತಿಳಿದದ್ದು, ಮಗು ಹೋಗಿ ಎಷ್ಟೋ ವರ್ಷಗಳ ಮೇಲೆ.

"ವಂಶದಲ್ಲಿ ಬರೋದಂತೆ ಕಣೇ. ನಿನ್ನ ಕೂಸಿಗೂ ಬಂದ್ಬಿಟ್ಟಿದ್ರೆ ಅಂತ ಅವನಿಗೆ ಭಯ," ಎಂದಳು ಅಮ್ಮ. ಅಂದಿನಿಂದ ಬಟ್ಟೆ ಬದಲಿಸುವಾಗಲೆಲ್ಲ ನಾನೂ ಮೊದಲು ಹೊಕ್ಕಳನ್ನೇ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಬಳ್ಳಿ ತಾನಾಗಿ ಕಳಚಿಕೊಂಡಿತು. ಸಂಜೆ ಮಾವನ ಚಪ್ಪಲಿ ಸದ್ದು ಕೇಳಿದ್ದೇ ನಾನೇ ಕೂಗಿದೆ: "ಬಿತ್ತು ಮಾವ!"

ಇನ್ನು ಪಾಠ ಶುರುವಾಗುತ್ತದೆ ಎಂದುಕೊಂಡೆ. ಇಲ್ಲ. ಅಷ್ಟು ದಿನ ಹೊಸಿಲು ದಾಟದಿದ್ದವರು ಒಳಗೆ ಬಂದರು, ಕೈ ತೊಳೆದುಕೊಂಡು ಅಮ್ಮನ ಪಕ್ಕ ಚಾಪೆಯ ಮೇಲೆ ಕೂತರು. ಕಣ್ಣು ತುಂಬಿತ್ತು.

"ಅಕ್ಕಾ," ಎಂದರು, "ಈಗ ಎತ್ಕೊಳ್ಳಲಾ?"