ಬಿಸ್ಕೀಟ್ ಡಬ್ಬಿಯೊಳಗಿನ ವಿಕಾಸ

ಕಾಲೇಜಿನ ಇನ್‌ಕ್ಯುಬೇಟರ್ ಕೆಟ್ಟದ್ದೇ ಎಲ್ಲಕ್ಕೂ ಮೂಲ. ನಾಸಿಕ್ ರೋಡಿನ ಬಾಡಿಗೆ ಖೋಲಿಯಲ್ಲಿ, ಮಂಚದ ಕೆಳಗಿನ ಬಿಸ್ಕೀಟ್ ಡಬ್ಬಿಯೊಳಗೆ ಬಲ್ಬು ಉರಿಸಿ, ವೈಜನಾಥ ಮೂರು ದಿನದಿಂದ ಆರು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದ. ಪ್ರಾಣಿಶಾಸ್ತ್ರ ವಿಭಾಗದ ಹಂಗಾಮಿ ನೌಕರ ಅವನು. ಇಂದಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೋಳಿಪಿಂಡ ತೋರಿಸಿದರೆ ಕೆಲಸ ಖಾಯಂ. ಇಲ್ಲದಿದ್ದರೆ ತನ್ನೂರು ಭಾಲ್ಕಿಯ ಬಸ್ಸು.

ಮಾಲೀಕ ಮನ್ಮಥಪ್ಪ ಖೋಲಿ ಕೊಡುವಾಗಲೇ ಎಚ್ಚರಿಸಿದ್ದರು: "ನಾವು ಲಿಂಗಾಯತ್ರು. ಮನ್ಯಾಗ ಕೋಳಿತತ್ತಿ ಬಂತೋ, ನಿಮ್ಮ ಹಾಸಿಗಿ ಬೀದಿಗೆ!"

ನಿನ್ನೆ ಟಾರ್ಚ್ ಹಿಡಿದು ನೋಡಿದಾಗ ಮೊಟ್ಟೆಯೊಳಗೆ ಕೆಂಪು ಎಳೆಗಳು ಹರಡಿದ್ದವು. ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ, ಮನ್ಮಥಪ್ಪನವರ ಹೆಂಡತಿ ಕಾಶಿಬಾಯಿ ಅವನ ಖೋಲಿಯಿಂದ ಇಕ್ಕಳ ಹಿಡಿದು ಹೊರಬರುತ್ತಿದ್ದರು.

"ಇಲಿ ಹೊಕ್ಕಿತ್ತು ತಮ್ಮಾ," ಎಂದರು.

ವೈಜನಾಥ ಓಡಿಹೋಗಿ ಎಣಿಸಿದ. ಆರೂ ಇದ್ದವು.

ಮಾರ್ಚ್ ತಿಂಗಳ ಬಿಸಿಲಲ್ಲಿ ಡಬ್ಬಿಗೆ ಸ್ವೆಟರ್ ತೊಡಿಸಿ, ಬಾಣಂತಿಯ ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಹೊರಟ. ಪ್ರತಿ ಗುಂಡಿಗೂ ಡಬ್ಬಿಯನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿಯುತ್ತಿದ್ದ.

ಔರಂಗಾಬಾದಿನಿಂದ ಬಂದಿದ್ದ ಪರೀಕ್ಷಕಿ ಮಂದಾಕಿನಿ ಮೂಲತಃ ಕಲಬುರಗಿಯವರು. ವೈಜನಾಥ ಉತ್ಸಾಹದಿಂದ ಹೇಳಿದ: "ಪಿಂಡದ ಕುತ್ತಿಗ್ಯಾಗ ಮೀನಿನ ಕಿವಿರಿನಂಥಾ ಗುರುತು ಕಾಣ್ತಾವ್ರಿ ಮೇಡಂ. ನೀರಾಗಿದ್ದ ಪೂರ್ವಜರನ್ನ ಕೋಳಿ ಇನ್ನೂ ಮರ್ತಿಲ್ಲ."

"ತೋರಸ್ರಿ."

ಒಂದು ಒಡೆದ. ಹಳದಿ. ಎರಡು, ಮೂರು... ಆರರಲ್ಲೂ ಬರೀ ಹಳದಿ.

"ಪೂರ್ವಜರು ಹೋಗ್ಲಿ, ಕೋಳೀನೇ ಇಲ್ಲಲ್ರಿ," ಎಂದು ಮಂದಾಕಿನಿ ಪೆನ್ನಿನ ಮುಚ್ಚಳ ತೆಗೆದರು. "ಉಳ್ಳಾಗಡ್ಡಿ, ಮೆಣಸಿನಕಾಯಿ ತಂದೀರೇನು?"

ಸಂಜೆ ಮನೆ ಅಂಗಳದಲ್ಲಿ ಕಾಶಿಬಾಯಿ ತಡೆದರು. "ಸಿಟ್ಟಾಗಬ್ಯಾಡ ತಮ್ಮಾ. ಬಲ್ಬಿನ ಬೆಳಕಿನ್ಯಾಗ ಅವುಗಳ ಒಳಗ ಜೀವ ಕಂಡ್ತು. ನೀ ಒಡೀತಿ ಅಂತ ಹೆದರಿ, ಇಕ್ಕಳದಿಂದ ಎತ್ತಿ ಪಕ್ಕದ ಮನಿ ಗುಂಡವ್ವನ ಕಾವಿನ ಕೋಳಿ ಕೆಳಗ ಇಟ್ಟು ಬಂದೆ. ಜಾಗಾದಾಗ ಜೀವ ಇಲ್ಲದ ಅಂಗಡಿ ತತ್ತಿ ಇಟ್ಟೆ. ಇನ್ನ ಹದಿನೆಂಟು ದಿನಕ್ಕ ಮರಿ ಬರ್ತಾವ, ನಿಮ್ಮ ಕಾಲೇಜಿನ್ಯಾಗ ತೋರ್ಸು."

ವೈಜನಾಥ ಖಾಲಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. "ಅಂಗಡಿ ತತ್ತಿ ನಿಮಗೆಲ್ಲಿ ಸಿಕ್ಕವು ಕಾಕೂ?"

"ಎಲ್ಲಿ ಅಂದ್ರ? ನಮ್ಮ ಮನಿಯವರ ಟ್ರಂಕಿನ್ಯಾಗ. ದೇವರ ಪುಸ್ತಕದ ಕೆಳಗ ಮುಚ್ಚಿಡ್ತಾರ. ಇಪ್ಪತ್ತು ವರ್ಷದಿಂದ ನಂಗ ಗೊತ್ತಿಲ್ಲ ಅನ್ಕೊಂಡಾರ!"

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ವಿಭೂತಿ ಬಳಿದ ಹಣೆಯೊಂದು ಹೊರಬಂತು. ಅದರ ಕೆಳಗಿನ ಮುಖ ಕೆಂಪಗೆ ಕಾದಿತ್ತು.

"ವೈಜನಾಥ," ಎಂದರು ಮನ್ಮಥಪ್ಪ, "ಮನ್ಯಾಗ ತತ್ತಿ ಬಂದದಂತ. ಹಾಸಿಗಿ ಸುತ್ತರಿ."