ಜರ್ಮನ್ ಬಾಲಗಳ ವಿರುದ್ಧ ನನ್ನ ವಾದ

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಯಾರು ಏನೇ ಹೇಳಲಿ, "ಪುರಾವೆ ಎಲ್ಲಿ?" ಅಂತ ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹಾಗಿರುವಾಗ ಜರ್ಮನ್ ವ್ಯಾಕರಣ ಯಾವ ಲೆಕ್ಕ!

ಪರೀಕ್ಷೆ ಪಾಸಾದರೆ ಒಂದು ತಿಂಗಳು ಜರ್ಮನಿಯಲ್ಲಿ ಓದುವ ಅವಕಾಶ. ಕ್ಲಾಸಿನವರೆಲ್ಲ ಬಸ್ಸಿನಲ್ಲೂ ವಿಶೇಷಣಗಳ ಕೊನೆಗೆ ಅಂಟುವ ಪ್ರತ್ಯಯಗಳ ಬಾಲ ಉರುಹೊಡೆಯುತ್ತಿದ್ದರು. ನಾನು ಮಾತ್ರ ಬೆಹಾಲಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಆ ಬಾಲಗಳ ವಿರುದ್ಧ ವಾದ ಸಿದ್ಧಪಡಿಸುತ್ತಿದ್ದೆ.

"ಓದುದು ಬಿಟ್ಟು ಎಂತದು ಮಾರಾಯ್ತಿ, ಕನ್ನಡಿ ಎದುರು ಕೈ ಬೀಸುದು?" ಎಂದಳು ಅಮ್ಮ.

"ಅಮ್ಮಾ, ತರ್ಕವಿಲ್ಲದ ನಿಯಮ ಬಾಯಿಪಾಠ ಮಾಡುವುದು ಗುಲಾಮಗಿರಿ!"

"ಹೌದಾ? ಪರೀಕ್ಷೆ ಬರೆಯುದು ಯಾರು, ಕನ್ನಡಿಯಾ?"

ಮರುದಿನ ಕ್ಲಾಸಿನಲ್ಲಿ ಎದ್ದು ನಿಂತೆ. "ಅಪ್ಪನ ಹೋಟೆಲಿನಲ್ಲಿ ಒಳ್ಳೆ ಕಾಫಿ, ಒಳ್ಳೆ ಕಾಫಿಗೆ, ಒಳ್ಳೆ ಕಾಫಿಯಿಂದ. ಕನ್ನಡದ 'ಒಳ್ಳೆ' ಅಲ್ಲಾಡುವುದೇ ಇಲ್ಲ. ನಿಮ್ಮ ಜರ್ಮನ್ನಿನ 'ಒಳ್ಳೆ' ಒಮ್ಮೆ ಗುಟೆ, ಒಮ್ಮೆ ಗುಟರ್, ಒಮ್ಮೆ ಗುಟೆನ್! ಕಾಫಿ ಅದೇ, ಬಾಲ ಬೇರೆ. ಏಕೆ?"

ನಾವೆಲ್ಲ ದೀದಿ ಎನ್ನುವ ಬಂಗಾಳಿ ಟೀಚರ್ ಸುಚಂದ್ರಾದಿ ನಕ್ಕರು. "ನಿನ್ನ ಚರ್ಚಾ ತಂಡದಲ್ಲಿ ಮೊದಲಿನವನು ವಿಷಯ ಸ್ಪಷ್ಟವಾಗಿ ಮಂಡಿಸಿದರೆ, ಎರಡನೆಯವಳು ನೀನು ಏನು ಮಾಡ್ತೀಯ?"

"ಆರಾಮಾಗಿ ಮುಂದುವರಿಸ್ತೇನೆ, ದೀದಿ."

"ಅವನು ತೊದಲಿದರೆ?"

"ಪೂರ್ತಿ ಹೊರೆ ನಂದೇ!"

"ಅಷ್ಟೇ ರೇ ಬಾಬಾ! ಇಂಗ್ಲಿಷಿನ 'ದಿ'ಯಂತೆ ಮೊದಲು ಬರುವ 'ಡೇರ್' ಕಾಫಿಯ ಲಿಂಗ, ವಿಭಕ್ತಿ ಎಲ್ಲ ಹೇಳಿಬಿಡುತ್ತದೆ. ಹಿಂದಿನಿಂದ ಗುಟೆ ಹಗುರಾಗಿ ಬರುತ್ತದೆ. 'ಒಂದು' ಎನ್ನುವ 'ಐನ್' ಅದನ್ನು ಬಾಯಿಬಿಡುವುದಿಲ್ಲ. ಆಗ ಗುಟರ್ ಎದ್ದು ತನ್ನ ಬಾಲದಿಂದ ಹೇಳಬೇಕು."

ನಾನು ಪುಸ್ತಕದ ಬಾಲಗಳನ್ನು ಮತ್ತೆ ನೋಡಿದೆ. ಒಬ್ಬರು ಸುಮ್ಮನಾದರೆ ಪಕ್ಕದವರು ಹೆಗಲು ಕೊಡುವ ಪದಗಳು! ಯಾವ ಸಮಿತಿಯೂ ಕೂತು ತೀರ್ಮಾನಿಸಿದ್ದಲ್ಲ. ಸುಮ್ಮನೆ ಜನ ಮಾತಾಡುತ್ತಾ ಮಾತಾಡುತ್ತಾ ಕಟ್ಟಿದ್ದು! ಮೈ ಜುಮ್ಮೆಂದಿತು.

ಇಂಥ ಅದ್ಭುತವನ್ನು ಉರುಹೊಡೆಯುವುದು ಅದಕ್ಕೆ ಮಾಡುವ ಅವಮಾನ ಎಂದು ನಿರ್ಧರಿಸಿ, ಬೆರಗಿನಲ್ಲೇ ಮೌಖಿಕ ಪರೀಕ್ಷೆಗೆ ಹೋದೆ.

"ನಿಮ್ಮ ಮನೆಯನ್ನು ವರ್ಣಿಸಿ" ಎಂದರು ಪರೀಕ್ಷಕರು.

ಜರ್ಮನ್ನಿನಲ್ಲಿ ದೊಡ್ಡ ಕಿಟಕಿ ಎನ್ನಬೇಕಿತ್ತು. ಕಿಟಕಿ ಯಾವ ಲಿಂಗ? ಯಾವ ವಿಭಕ್ತಿ? ಹೊರೆ ಈಗ ಯಾರ ಹೆಗಲ ಮೇಲಿದೆ? ಆಹಾ, ಎಂಥ ವ್ಯವಸ್ಥೆ ಎಂದು ತಲೆದೂಗುವಷ್ಟರಲ್ಲಿ ಪರೀಕ್ಷಕರು ಗಡಿಯಾರ ನೋಡಿದರು. ಗಾಬರಿಯಲ್ಲಿ ವಿಶೇಷಣಗಳನ್ನೆಲ್ಲ ಕಿತ್ತೊಗೆದೆ. "ಮನೆ ಇದೆ. ಕಿಟಕಿ ಇದೆ. ಅಮ್ಮ ಇದ್ದಾಳೆ."

ಫೇಲು!

ಗೆಳತಿಯರು ಜರ್ಮನಿಗೆ ಹಾರಿದರು. ನಾನು ಹೊಸ ಬ್ಯಾಚಿನೊಂದಿಗೆ ಅದೇ ಬೆಂಚಿಗೆ ಬಂದೆ. ಹೊಸ ಹುಡುಗಿಯೊಬ್ಬಳು, "ಈ ಬಾಲಗಳಿಗೆ ಅರ್ಥವೇ ಇಲ್ಲ" ಎಂದು ಗೊಣಗಿದಳು. ನಾನು ಎದ್ದೆ. ಬಾಲಗಳ ಪರವಾಗಿ ಎಂಥ ವಾದ ಮಂಡಿಸಿದೆನೆಂದರೆ, ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು.

"ಅದ್ಭುತ!" ಎಂದರು ಸುಚಂದ್ರಾದಿ. "ಈಗ ಜರ್ಮನ್ನಿನಲ್ಲಿ ಒಂದು ವಾಕ್ಯ ಹೇಳು."

ನಾನು ಕೂತುಕೊಂಡೆ.