ಅಡುಗೆಮನೆಯ ಸ್ವಾತಂತ್ರ್ಯ ಪತ್ರ

ಸ್ವಾತಂತ್ರ್ಯದ ಮೇಲೆ ನನಗೆ ಅಪಾರ ಪ್ರೀತಿ. ಅದನ್ನು ಕಲಿಸಿಯೇ ಸಂಬಳ ಎಣಿಸುತ್ತೇನೆ. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು. ಅಮೆರಿಕದ ವಸಾಹತಿನವರು ಇಂಗ್ಲೆಂಡಿನ ರಾಜನ ಮೇಲೆ ಬಂದೂಕು ಎತ್ತುವ ಮೊದಲೇ ಲೇಖನಿ ಎತ್ತಿದ್ದರು, ನಮ್ಮನ್ನು ಕೇಳದೆ ನಮ್ಮ ಮೇಲೆ ತೆರಿಗೆ ಹೇರಬೇಡ ಎಂದು ರಾಜನಿಗೆ ಅರ್ಜಿ ಬರೆದಿದ್ದರು, ಕರಪತ್ರ ಹಂಚಿದ್ದರು ಎಂದು ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಅವರಲ್ಲೂ ನಮ್ಮ ನಿಪ್ಪಾಣಿಯವರಂತೆ ತಂಬಾಕು ಬೆಳೆಯುವವರಿದ್ದರು ಎಂದಾಗ ಮಾತ್ರ ಮಕ್ಕಳು ತಲೆ ಎತ್ತುತ್ತಾರೆ.

ನನ್ನ ಹೆಂಡತಿ ಸುಮಿತ್ರಾ ಈಗ ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆಗೆ ಕಟ್ಟಿದ್ದಾಳೆ. ಪಾಠ ಹೇಳುವವನು ನಾನೇ. ನನ್ನದೊಂದು ಚಾಳಿಯುಂಟು: ಅಮಾವಾಸ್ಯೆಗೆ ಯಡೂರಿನ ವೀರಭದ್ರನ ದರ್ಶನಕ್ಕೆ ಹೋದರೆ, ಅಲ್ಲಿ ಸಿಕ್ಕ ಪರಿಚಯದವರನ್ನೆಲ್ಲ ಊಟಕ್ಕೆ ಕರೆತರುವುದು. ಕರೆಯುವುದು ನನ್ನ ಬಾಯಿ, ರೊಟ್ಟಿ ಬಡಿಯುವುದು ಅವಳ ಕೈ. ಈ ಅಮಾವಾಸ್ಯೆಯ ಮರುದಿನ ನನಗೆ ಪರೀಕ್ಷೆ ಇದೆ, ಈ ಸಲ ಯಾರನ್ನೂ ತರಬೇಡಿ ಎಂದು ಅವಳು ಎರಡು ಸಲ ಹೇಳಿದ್ದಳಂತೆ. ನಾನು ಹೂಂ ಅಂದಿದ್ದೆನಂತೆ.

ಆ ಅಮಾವಾಸ್ಯೆಗೂ ಗುಡಿಯಿಂದ ಬೇಡಕಿಹಾಳದ ಬೀಗರ ಕಡೆಯ ಐದು ಮಂದಿಯೊಡನೆ ಬಂದೆ. ಅಡುಗೆಮನೆಯ ಬಾಗಿಲಿಗೆ ಸುಮಿತ್ರಾಳ ಅಕ್ಷರದ ಹಾಳೆಯೊಂದು ಅಂಟಿತ್ತು: ‘ರೊಟ್ಟಿ ಬಡಿಯುವವಳನ್ನು ಕೇಳದೆ ಉಣ್ಣುವವರನ್ನು ತರತಕ್ಕದ್ದಲ್ಲ. ಎರಡು ಸಲ ಅರಿಕೆ ಮಾಡಿದರೂ ಮನೆಯ ದೊರೆ ಕಿವಿಗೆ ಹಾಕಿಕೊಂಡಿಲ್ಲ. ಆದ್ದರಿಂದ ಇಂದಿನಿಂದ ಈ ಒಲೆ ಸ್ವತಂತ್ರ.’ ಓದಿ ನನಗೆ ಎಂಥ ಹೆಮ್ಮೆ ಅಂತೀರಿ! ನಾನು ಕಲಿಸಿದ್ದು ವ್ಯರ್ಥವಾಗಿರಲಿಲ್ಲ. ಅಲ್ಲೇ ಕೆಂಪು ಪೆನ್ನು ತೆಗೆದು, ‘ವಾದ ಬಲವಾಗಿದೆ, ಕಾರಣಗಳನ್ನು ಇನ್ನೂ ವಿಸ್ತರಿಸಬಹುದಿತ್ತು’ ಎಂದು ಬರೆದು ಹತ್ತಕ್ಕೆ ಏಳು ಕೊಟ್ಟೆ.

“ಭಾಳ ಚಂದ ಬರದಿ. ಹೊರಗ ಮಂದಿ ಕುಂತಾರ, ಲಗೂನ ರೊಟ್ಟಿ ಬಡಿ,” ಎಂದೆ.

ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು. ಪುಸ್ತಕ ಎತ್ತಿಕೊಂಡಳು.

“ಹಿಟ್ಟು ಡಬ್ಬ್ಯಾಗ ಐತ್ರಿ. ನಾ ಗಂಗಕ್ಕನ ಮನ್ಯಾಗ ಓದ್ಕೋತ ಕುಂದರ್ತೀನಿ,” ಎಂದು ಪಕ್ಕದ ಮನೆಗೆ ನಡೆದೇಬಿಟ್ಟಳು.

ಅಂದು ನಾನು ಬಡಿದ ರೊಟ್ಟಿಗಳನ್ನು ಬೀಗರು ನೀರು ಕುಡಿಕುಡಿದು ಅಗಿದರು. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಹಲ್ಲು ಇದ್ದಾಗ ಬರಬೇಕಿತ್ತು ಎಂದರು. ಸುಮಿತ್ರಾ ಮರುದಿನ ಪರೀಕ್ಷೆ ಬರೆದು ನಗುತ್ತ ಬಂದಳು.

ಮೊನ್ನೆ ತರಗತಿಯಲ್ಲಿ ಅದೇ ಅಮೆರಿಕದ ಪಾಠ. ಅಷ್ಟೆಲ್ಲ ಬರೆದರೂ ಆ ರಾಜ ಓದಲೇ ಇಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಇಷ್ಟು ವರ್ಷ ಆ ರಾಜನನ್ನು ಮೂರ್ಖನೆಂದು ಬೈದು ಮುಗಿಸುತ್ತಿದ್ದೆ. ಈ ಸಲ ಬೈಯಲಿಲ್ಲ.

“ಓದಿರ್ತಾನವ್ವಾ,” ಎಂದೆ. “ಓದಿ, ಚಲೋ ಬರದಾರ ಅಂತ ಮಾರ್ಕ್ಸೂ ಹಾಕಿರ್ತಾನ.”